ಚಂದಕ್ಕೋ, ತಂಬುಳಿಗೋ: ಮಲೆನಾಡಿನ ಮನೆಗೆ ಯಾವ ಕುಂಡದ ಗಿಡ?

ಮಳೆ ಹಿಡಿಯುವ ಮುಂಚೆ ಶಿವಮೊಗ್ಗದ ನರ್ಸರಿಗಳಲ್ಲಿ ಜನ ಜಾಸ್ತಿ. ಆ ಹೊತ್ತಿಗೆ ನನಗೆ ಬರುವ ಪ್ರಶ್ನೆಗಳೂ ಜಾಸ್ತಿ. ಗೋಪಾಳದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗು, ಬಾಲ್ಕನಿಯಲ್ಲಿ ಐದಾರು ಕುಂಡಕ್ಕೆ ಜಾಗ. ಯಾವ ಗಿಡ ತರಲಿ? ತೀರ್ಥಹಳ್ಳಿ ಕಡೆಯ ಮನೆ, ಅಂಗಳದ ತುಂಬ ಬಣ್ಣದ ಎಲೆಯ ಗಿಡಗಳು, ಕೊಟ್ಟಿಗೆಯಲ್ಲಿ ದನ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಕಿತ್ತು ಹಾಕಲಿ? ಇನ್ನು ಕೆಲವರದ್ದು ನೇರ ಪ್ರಶ್ನೆ: ಮನಿಪ್ಲಾಂಟ್ ಎಲೆ ವೀಳ್ಯದೆಲೆ ತರಹವೇ ಇದೆ, ತಿಂದರೆ ಏನಾಗುತ್ತದೆ?

ನೇರ ಉತ್ತರ ಮೊದಲು ಹೇಳುತ್ತೇನೆ. ಚಂದಕ್ಕೆಂದು ಮಾರುವ ಗಿಡಗಳಲ್ಲಿ ಹೆಚ್ಚಿನವು ತಿನ್ನುವುದಕ್ಕಲ್ಲ. ಕೆಲವು ಬಾಯಿ ಸುಡುತ್ತವೆ. ಕೆಲವು ಜೀವಕ್ಕೇ ಎರವಾಗುತ್ತವೆ. ಕೆಲವು ತಪ್ಪಿ ಬಾಯಿಗೆ ಹೋದರೂ ಏನೂ ಮಾಡುವುದಿಲ್ಲ. ಆದರೆ ಏನೂ ಮಾಡದ ಗಿಡ ಅಂದ ಮಾತ್ರಕ್ಕೆ ಅದು ಸೊಪ್ಪು ತರಕಾರಿ ಆಗುವುದಿಲ್ಲ. ಜನ ಎಡವುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ಕಡೆ, ನಮ್ಮ ಅಜ್ಜಿಯಂದಿರು ಹಿತ್ತಿಲಿನಲ್ಲಿ ಬೆಳೆಸಿಕೊಂಡು ಬಂದ ಎಷ್ಟೋ ಗಿಡಗಳು ಅಡುಗೆಗೂ ಆಗುತ್ತವೆ, ನೋಡಲೂ ಲಕ್ಷಣವಾಗಿವೆ. ಅವನ್ನು ಕುಂಡಕ್ಕೆ ತಂದರೆ ಅರ್ಧ ಚಿಂತೆ ಕಳೆದ ಹಾಗೆ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ರೂಢಿ. ಈ ಗಿಡದ ಯಾವ ಭಾಗವನ್ನು, ಹೇಗೆ ಬೇಯಿಸಿ, ಎಷ್ಟು ತಿನ್ನುತ್ತಾರೆ? ಮೂರಕ್ಕೂ ಉತ್ತರ ಗೊತ್ತಿದ್ದರೆ ಮಾತ್ರ ಅದು ತಿನ್ನುವ ಗಿಡ. ಬರೀ "ತಿನ್ನಬಹುದಂತೆ" ಅನ್ನುವುದು ಸಾಲದು. ಕಳಲೆ ನೆನಪಿಸಿಕೊಳ್ಳಿ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶ ಇದೆ. ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಆಮೇಲೆ ಬೇಯಿಸುವುದು ಅದಕ್ಕೇ. ಆ ಕೆಲಸ ಬಿಟ್ಟರೆ ಕಳಲೆಯೂ ಕೆಟ್ಟದ್ದೇ.

ಎರಡನೆಯದು, ತಪ್ಪಿ ಬಾಯಿಗೆ ಹೋದರೆ ಎಷ್ಟು ಕೆಡುಕು? ಬಾಯಿ ಉರಿಯುವುದು ಬೇರೆ, ಎದೆಬಡಿತ ನಿಲ್ಲುವುದು ಬೇರೆ. ಮನೆಯಲ್ಲಿ ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ, ದನ ಇದ್ದರೆ ಎಲ್ಲಕ್ಕಿಂತ ಮುಂಚೆ ನೋಡಬೇಕಾದ್ದು ಇದನ್ನೇ.

ಮೂರನೆಯದು, ಗಿಡದ ಮೇಲೆ ಏನು ಬಿದ್ದಿದೆ? ನರ್ಸರಿಯ ಗುಲಾಬಿ, ದಾಸವಾಳ, ಸೇವಂತಿಗೆ ಹೂವಿಗೆಂದು ಬೆಳೆದವು, ಅಡುಗೆಗೆಂದಲ್ಲ. ಹುಳು ಬೀಳದಿರಲೆಂದು ಬುಡಕ್ಕೆ ಹಾಕುವ ಕೆಲವು ಔಷಧಗಳು ಬೇರಿನಿಂದ ಹೀರಿಕೊಂಡು ಎಲೆ, ಹೂವಿಗೆಲ್ಲ ಹೋಗುತ್ತವೆ. ತೊಳೆದರೆ ಹೋಗುವಂಥದ್ದಲ್ಲ ಅದು. ತೋಟದ ಕಡೆಯವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಅಡಿಕೆ ಮರಕ್ಕೆ ಹೊಡೆಯುವ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಕೆಳಗಿನ ಒಂದೆಲಗ, ಕೆಸು, ವೀಳ್ಯದೆಲೆ ಎಲ್ಲದರ ಮೇಲೂ ತೊಟ್ಟಿಕ್ಕುತ್ತದೆ. ಎಲೆಯ ಮೇಲೆ ನೀಲಿ ಕಲೆ ಕಂಡರೆ ಅದನ್ನು ಬಿಟ್ಟುಬಿಡಿ. ತಂಬುಳಿಗೆ ಬೇಕಾದ ಸೊಪ್ಪನ್ನು ಮರದ ಬುಡದಿಂದ ದೂರ, ಮನೆ ಹತ್ತಿರದ ಕುಂಡದಲ್ಲೇ ಬೆಳೆಸಿಕೊಳ್ಳಿ. ಮಲೆನಾಡಿನಲ್ಲಿ ಕುಂಡದ ಸೊಪ್ಪು ಬೇಕು ಅನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಉಳಿದದ್ದು ಬೆಳಕು, ಮಳೆ ಮತ್ತು ದುಡ್ಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಿಸಿಲು ಕಡಿಮೆ, ತೇವ ಜಾಸ್ತಿ. ಒಣ ಸೀಮೆಯಲ್ಲಿ ಚೆನ್ನಾಗಿ ಬರುವ ಗಿಡ ಇಲ್ಲಿ ಕೊಳೆತು ಹೋಗಬಹುದು. ದುಡ್ಡಿನ ವಿಷಯ ಸುಲಭ. ತಿನ್ನುವ ಗಿಡಗಳಲ್ಲಿ ಹೆಚ್ಚಿನವು ಅಕ್ಕಪಕ್ಕದ ಮನೆಯಿಂದ ಒಂದು ಕಡ್ಡಿ ಕೇಳಿ ತಂದರೆ ಬರುತ್ತವೆ. ನರ್ಸರಿಯಲ್ಲಿ ದುಬಾರಿ ಇರುವುದು ಚಂದದ ಎಲೆಗೇ.

ಕಿಟಕಿಯ ಗ್ರಿಲ್‌ಗೆ ಬಳ್ಳಿ: ಮನಿಪ್ಲಾಂಟ್, ವೀಳ್ಯದೆಲೆ, ಬಸಳೆ

ಮನಿಪ್ಲಾಂಟ್ ಯಾಕೆ ಎಲ್ಲರ ಮನೆಯಲ್ಲಿದೆ ಅಂದರೆ ಅದು ಸಾಯುವುದೇ ಇಲ್ಲ. ಬಾಟಲಿ ನೀರಿನಲ್ಲಿಟ್ಟರೂ ಬದುಕುತ್ತದೆ, ಕತ್ತಲ ಮೂಲೆಯಲ್ಲಿಟ್ಟರೂ ಬದುಕುತ್ತದೆ. ಆದರೆ ತಿನ್ನಬಾರದು. ಇದು ಕೆಸುವಿನ ಕುಟುಂಬದ್ದು. ಈ ಕುಟುಂಬದ ಗಿಡಗಳ ಎಲೆ, ಕಾಂಡದೊಳಗೆ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಕಣ್ಣಿಗೆ ಕಾಣುವುದಿಲ್ಲ. ಎಲೆ ಅಗಿದ ಕೂಡಲೇ ಅವು ಹೊರಗೆ ಚಿಮ್ಮಿ ನಾಲಿಗೆ, ಅಂಗುಳ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಉರಿ, ಊತ, ಜೊಲ್ಲು ಶುರು. ಮಕ್ಕಳು ಒಂದು ಕಚ್ಚಿಗೇ ಉಗುಳಿ ಅಳುತ್ತಾರೆ. ಹಾಗಾಗಿ ಜಾಸ್ತಿ ಹೊಟ್ಟೆಗೆ ಹೋಗುವುದು ಅಪರೂಪ. ಆದರೂ ನೋವು ನೋವೇ.

ಇದಕ್ಕೆ ಬದಲಿ ವೀಳ್ಯದೆಲೆ. ಅದೇ ಹೃದಯದಾಕಾರದ ಎಲೆ, ಅದೇ ಹೊಳಪು, ಅರೆ ನೆರಳು ಇಷ್ಟ, ತೇವ ಇಷ್ಟ. ನಮ್ಮ ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಗಿಣ್ಣಿರುವ ತುಂಡು ತಂದು ಕುಂಡಕ್ಕೆ ಹಾಕಿ, ಹಬ್ಬಲು ಒಂದು ಕೋಲು ಅಥವಾ ತೆಂಗಿನ ನಾರು ಸುತ್ತಿದ ಕಂಬ ಕೊಟ್ಟರೆ ಆಯಿತು. ಹಬ್ಬಕ್ಕೆ ಎಲೆ ಮನೆಯಲ್ಲೇ ಸಿಗುತ್ತದೆ. ಹಾಗಂತ ಎಲೆ ಅಡಿಕೆ ಅಭ್ಯಾಸಕ್ಕೆ ನಾನು ಹೇಳುತ್ತಿಲ್ಲ. ಅಡಿಕೆ ಅಗಿಯುವುದು ಬಾಯಿ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ. ಎಲೆಯನ್ನಷ್ಟೇ ಕಷಾಯಕ್ಕೆ ಹಾಕುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಒಂದೇ ಎಚ್ಚರಿಕೆ. ಮನಿಪ್ಲಾಂಟ್ ಮತ್ತು ವೀಳ್ಯದೆಲೆಯನ್ನು ಅಕ್ಕಪಕ್ಕ ಹಬ್ಬಿಸಬೇಡಿ. ಎಲೆಯನ್ನು ಬೆರಳಲ್ಲಿ ಹೊಸಕಿದರೆ ವೀಳ್ಯದೆಲೆಗೆ ಖಾರದ ಘಮ ಬರುತ್ತದೆ, ಮನಿಪ್ಲಾಂಟ್‌ಗೆ ಹಸಿ ಹುಲ್ಲಿನ ವಾಸನೆ ಅಷ್ಟೇ. ವೀಳ್ಯದೆಲೆಯಲ್ಲಿ ನರಗಳು ಬುಡದಿಂದಲೇ ಬಿಲ್ಲಿನ ಹಾಗೆ ಬಾಗಿ ತುದಿಗೆ ಹೋಗುತ್ತವೆ. ಮನಿಪ್ಲಾಂಟ್‌ನಲ್ಲಿ ನಡುವೆ ಒಂದು ದಪ್ಪ ನರ, ಅದರ ಎರಡೂ ಕಡೆ ಸಣ್ಣವು. ಬೆಳಗ್ಗೆ ಗಡಿಬಿಡಿಯಲ್ಲಿ ಪೂಜೆಗೆ ಎಲೆ ಕೀಳುವಾಗ ಇದನ್ನೆಲ್ಲ ಯಾರು ನೋಡುತ್ತಾರೆ, ಅಲ್ವಾ? ಅದಕ್ಕೇ ದೂರ ಇಡಿ.

ಬಿಸಿಲು ಬೀಳುವ ಗ್ರಿಲ್ ಆದರೆ ಬಸಳೆ. ಕೆಂಪು ದಂಟಿನ ಬಸಳೆ ಹಬ್ಬಿ ನಿಂತರೆ ಯಾವ ಅಲಂಕಾರದ ಬಳ್ಳಿಗೂ ಕಡಿಮೆ ಇಲ್ಲ. ಮಾರ್ಕೆಟ್‌ನಲ್ಲಿ ಒಂದು ಕಟ್ಟು ಬಸಳೆ ತಂದರೆ ಎಲೆ ಹುಳಿಗೆ, ದಪ್ಪ ದಂಟು ಕುಂಡಕ್ಕೆ. ವಾರ ಎರಡು ವಾರದಲ್ಲಿ ಚಿಗುರುತ್ತದೆ. ಅದಕ್ಕೆ ದೊಡ್ಡ ಕುಂಡ ಬೇಕು, ಗೊಬ್ಬರ ಬೇಕು, ಮನೆಯೊಳಗೆ ಬರುವುದಿಲ್ಲ. ಮೂತ್ರಪಿಂಡದಲ್ಲಿ ಕಲ್ಲಾಗುವವರು ಇದನ್ನು ದಿನವೂ ತಿನ್ನುವುದು ಬೇಡ, ಇದರಲ್ಲೂ ಆಕ್ಸಲೇಟ್ ಜಾಸ್ತಿ. ಕಾಡುಬಸಳೆ ಅನ್ನುವ ದಪ್ಪ ಎಲೆಯ ಗಿಡ ಬೇರೆಯೇ. ಎಲೆಯ ಅಂಚಿನಲ್ಲೇ ಮರಿ ಗಿಡ ಹುಟ್ಟುತ್ತದಲ್ಲ, ಅದು. ನರ್ಸರಿಯ ಕಲಾಂಚೋ ಹೂವಿನ ಗಿಡ ಇದರ ನೆಂಟ. ಎರಡರಲ್ಲೂ ಹೃದಯದ ಮೇಲೆ ಕೆಲಸ ಮಾಡುವ ಅಂಶ ಇದೆ. ಈ ಜಾತಿಯ ಗಿಡ ತಿಂದು ದನ ಕರು ಸತ್ತ ದಾಖಲೆಗಳಿವೆ. ಕಲ್ಲು ಕರಗುತ್ತದೆ ಅಂತ ದಿನವೂ ಅದರ ಎಲೆ ಅಗಿಯುವವರನ್ನು ಕಂಡರೆ ನನಗೆ ಭಯವಾಗುತ್ತದೆ. ದಯವಿಟ್ಟು ವೈದ್ಯರನ್ನು ಕೇಳದೆ ಹಾಗೆ ಮಾಡಬೇಡಿ.

ಅಗಲ ಎಲೆಯ ಆಸೆ: ಡೀಫನ್‌ಬಾಕಿಯಾ, ಕೆಸು, ಅರಿಶಿನ

ಹಾಲ್‌ನ ಮೂಲೆಗೆ ದೊಡ್ಡ ಎಲೆಯ ಗಿಡ ಬೇಕು ಅನ್ನುವವರಿಗೆ ನರ್ಸರಿಯವರು ಮೊದಲು ತೋರಿಸುವುದು ಡೀಫನ್‌ಬಾಕಿಯಾ. ಹಸಿರು ಎಲೆ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಚ್ಚೆ. ಮನಿಪ್ಲಾಂಟ್‌ನದ್ದೇ ಸೂಜಿ ಹರಳು, ಆದರೆ ಪೆಟ್ಟು ಜೋರು. ನಾಲಿಗೆ ಊದಿಕೊಂಡು ಮಾತೇ ಹೊರಡದಂತಾಗಬಹುದು. ತೀರಾ ಕೆಟ್ಟರೆ ಉಸಿರಾಟಕ್ಕೂ ತೊಂದರೆ. ಪೀಸ್ ಲಿಲಿ, ಆಂಥೂರಿಯಂ, ಸಿಂಗೋನಿಯಂ, ಫಿಲೋಡೆಂಡ್ರಾನ್, ಬಣ್ಣದ ಎಲೆಯ ಕೆಲೇಡಿಯಂ, ಜೀಜೀ ಪ್ಲಾಂಟ್, ಎಲ್ಲವೂ ಇದೇ ಕುಟುಂಬದವು. ಮಗು ಇರುವ ಮನೆಯಲ್ಲಿ ಇವು ನೆಲದ ಮೇಲೆ ಬೇಡವೇ ಬೇಡ. ದೊಡ್ಡವರೇ ಇರುವ ಮನೆಯಲ್ಲಿ ಇಟ್ಟುಕೊಳ್ಳಿ, ಕತ್ತರಿಸಿದ ಮೇಲೆ ಕೈ ತೊಳೆಯಿರಿ.

ಇಲ್ಲಿ ಒಂದು ಸಂದೇಹ ಯಾವಾಗಲೂ ಬರುತ್ತದೆ. ಕೆಸುವೂ ಅದೇ ಕುಟುಂಬ, ಅದರ ಪತ್ರೊಡೆ ತಿನ್ನುತ್ತೇವಲ್ಲ? ಹೌದು. ಕೆಸುವಿನಲ್ಲೂ ಅದೇ ಹರಳು ಇದೆ. ಹಸಿ ಎಲೆ ಬಾಯಿಗಿಟ್ಟರೆ ಅದೂ ತುರಿಸುತ್ತದೆ. ಆದರೆ ಯಾವ ಕೆಸು ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಗೊತ್ತು. ಎಳೆ ಎಲೆಯನ್ನೇ ಕೊಯ್ಯಬೇಕು. ದಪ್ಪ ನರ ಹೆರೆದು ತೆಗೆಯಬೇಕು. ಅಕ್ಕಿ ಹಿಟ್ಟಿಗೆ ಹುಣಸೆ ಹುಳಿಯೋ ವಾಟೆ ಹುಳಿಯೋ ಧಾರಾಳವಾಗಿ ಹಾಕಬೇಕು. ಎಲೆಯ ಹಿಂಬದಿಗೆ ಹಿಟ್ಟು ಸವರಿ, ಒಂದರ ಮೇಲೊಂದು ಇಟ್ಟು, ಬಿಗಿಯಾಗಿ ಸುತ್ತಿ, ಉಗಿಯಲ್ಲಿ ಹದವಾಗಿ ಬೇಯಿಸಬೇಕು. ಅವಸರ ಮಾಡಿದ ಪತ್ರೊಡೆ ಗಂಟಲು ಹಿಡಿಯುತ್ತದೆ. ಅನುಭವಸ್ಥರು ಒಂದು ಚೂರು ಬಾಯಿಗೆ ಹಾಕಿ ನೋಡಿ, ತುರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಬಡಿಸುತ್ತಾರೆ. ಇಷ್ಟೆಲ್ಲ ತಿಳಿವಳಿಕೆ ಕೆಸುವಿಗೆ ಇದೆ, ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಮರಗೆಸುವಿಗೆ ಇದೆ. ಡೀಫನ್‌ಬಾಕಿಯಾಕ್ಕೆ ಇಲ್ಲ. ಹುಳಿ ಹಾಕಿ ಬೇಯಿಸಿದರೆ ಎಲ್ಲವೂ ಸರಿಹೋಗುತ್ತದೆ ಅಂದುಕೊಳ್ಳುವುದು ದೊಡ್ಡ ತಪ್ಪು.

ಕೆಸುವನ್ನೇ ಕುಂಡದಲ್ಲಿ ಬೆಳೆಸಬಹುದಾ? ಬೆಳೆಸಬಹುದು. ಕಪ್ಪು ದಂಟಿನ ಕರಿಗೆಸು ದೊಡ್ಡ ಕುಂಡದಲ್ಲಿ ಬಹಳ ಚಂದ. ಗೆಡ್ಡೆಯನ್ನು ಪತ್ರೊಡೆ ಮಾಡುವ ಮನೆಯಿಂದಲೇ ತನ್ನಿ, ನರ್ಸರಿಯ ಅಲಂಕಾರದ ಗೆಡ್ಡೆ ಬೇಡ. ತೊಟ್ಟು ಎಲೆಯ ನಡುವೆ ಕೂಡಿದರೆ ಕೆಸು, ಅಂಚಿನ ಸೀಳಿಗೆ ಕೂಡಿದರೆ ಬೇರೆ ಅಂತ ಕೆಲವರು ಗುರುತು ಹೇಳುತ್ತಾರೆ. ಕೆಲೇಡಿಯಂನಲ್ಲೂ ತೊಟ್ಟು ನಡುವೆಯೇ ಕೂಡುತ್ತದೆ. ಈ ಗುರುತನ್ನು ನಂಬಿ ಅಡುಗೆಗೆ ಇಳಿಯಬೇಡಿ. ಚಿಕ್ಕ ಮಗು ಇದ್ದರೆ ಕೆಸುವೂ ಹಿತ್ತಿಲಿನಲ್ಲೇ ಇರಲಿ.

ಹಾಗಾದರೆ ಮಗು ಇರುವ ಮನೆಗೆ ಅಗಲ ಎಲೆ ಯಾವುದು? ನನ್ನ ಆಯ್ಕೆ ಅರಿಶಿನ. ಏಪ್ರಿಲ್, ಮೇನಲ್ಲಿ ಒಂದು ಕೊಂಬು ಹುಗಿದರೆ ಮಳೆಗಾಲದುದ್ದಕ್ಕೂ ಮೊಣಕಾಲೆತ್ತರದ ಹಸಿರು. ನಾಗರ ಪಂಚಮಿಗೆ ಅರಿಶಿನ ಎಲೆಯ ಕಡುಬು ಮಾಡಲು ಎಲೆ ಸಿದ್ಧ. ಎಲೆಯನ್ನು ತಿನ್ನುವುದಿಲ್ಲ, ಹಿಟ್ಟು ಸುತ್ತಿ ಬೇಯಿಸಿ ಘಮ ತೆಗೆದುಕೊಳ್ಳುತ್ತೇವೆ ಅಷ್ಟೇ. ಬೆಳಕಿರುವ ಬಾಲ್ಕನಿ ಸಾಕು. ಒಂದೇ ಕೊರತೆ, ಚಳಿಗಾಲದ ಹೊತ್ತಿಗೆ ಎಲೆ ಒಣಗಿ ಕುಂಡ ಖಾಲಿ ಕಾಣುತ್ತದೆ. ಆಗ ಮಣ್ಣು ಕೆದಕಿದರೆ ಹಸಿ ಅರಿಶಿನ ಸಿಗುತ್ತದೆ.

ವರ್ಷವಿಡೀ ಹಸಿರೇ ಬೇಕು, ಮನೆಯೊಳಗೇ ಬೇಕು ಅನ್ನುವವರು ಕಲಾಥಿಯಾ, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್, ಅರೆಕಾ ಪಾಮ್ ನೋಡಿ. ತಪ್ಪಿ ಒಂದೆಲೆ ಬಾಯಿಗೆ ಹೋದರೆ ಗಾಬರಿಯಿಲ್ಲ. ಬೆಕ್ಕು ನಾಯಿಗೂ ತೊಂದರೆ ಇಲ್ಲ. ನಮ್ಮ ತೇವದ ಹವೆ ಕಲಾಥಿಯಾಕ್ಕೆ, ಫರ್ನ್‌ಗೆ ಬಹಳ ಒಗ್ಗುತ್ತದೆ. ಆದರೆ ಇವು ಯಾವುವೂ ಸೊಪ್ಪಲ್ಲ. ಪಾಮ್ ಕೊಳ್ಳುವಾಗ ಸೈಕಾಸ್ ಅನ್ನು ಪಾಮ್ ಅಂತ ಕೊಟ್ಟಾರು, ನೋಡಿ ತನ್ನಿ. ಸೈಕಾಸ್ ಬೀಜ ತಿಂದ ನಾಯಿಗಳು ಲಿವರ್ ಕೆಟ್ಟು ಸಾಯುತ್ತವೆ. ಬೆಕ್ಕು ಸಾಕಿದವರ ಮನೆಗೆ ಹೂಗುಚ್ಛದಲ್ಲಿ ಬರುವ ಲಿಲಿ ಹೂ ಕೂಡ ಬೇಡ. ಬೆಕ್ಕಿನ ಕಿಡ್ನಿಗೆ ಅದರ ಪರಾಗವೂ ವಿಷ.

ತಂಬುಳಿ ಕುಂಡ: ದೊಡ್ಡಪತ್ರೆ, ಒಂದೆಲಗ, ಚಕ್ರಮುನಿ

ಒಂದೇ ಕುಂಡಕ್ಕೆ ಜಾಗ ಇದ್ದರೆ ನಾನು ದೊಡ್ಡಪತ್ರೆ ಅನ್ನುತ್ತೇನೆ. ಸಾಂಬ್ರಾಣಿ ಸೊಪ್ಪು, ಸಾವಿರ ಸಂಬಾರ ಅಂತಲೂ ಕರೆಯುತ್ತಾರೆ. ಒಂದು ಕಡ್ಡಿ ಚುಚ್ಚಿದರೆ ಬರುತ್ತದೆ, ದುಡ್ಡು ಖರ್ಚಿಲ್ಲ. ಅಂಚಿನಲ್ಲಿ ಬಿಳಿ ಇರುವ ಜಾತಿ ತಂದರೆ ಅಲಂಕಾರಕ್ಕೂ ಆಯಿತು, ಅದನ್ನೂ ತಿನ್ನಬಹುದು. ಗುರುತು ಅದರ ವಾಸನೆ. ಎಲೆ ಮುಟ್ಟಿದರೆ ಸಾಕು, ಓಮದ ಘಾಟು ಕೈಗೆ ಹತ್ತುತ್ತದೆ. ಕೆಂಪು, ನೇರಳೆ ಬಣ್ಣದ ಅಲಂಕಾರದ ಕೋಲಿಯಸ್ ಇದರ ನೆಂಟನೇ ಆದರೂ ಅಡುಗೆಯದ್ದಲ್ಲ. ತೊಂದರೆ ಅಂದರೆ ಮಳೆ. ಬಯಲಲ್ಲಿಟ್ಟರೆ ಬುಡ ಕೊಳೆಯುತ್ತದೆ. ಸೂರಿನ ಕೆಳಗಿಡಿ, ನೀರು ಕಡಿಮೆ ಹಾಕಿ.

ಏಳೆಂಟು ಎಲೆ ಕೊಯ್ದು, ಒಂದು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಎಲೆ ಬಾಡಿ ಬಣ್ಣ ಕಂದುವವರೆಗೆ ಹುರಿಯಿರಿ. ಆರಿದ ಮೇಲೆ ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಹೊರಗೆ ಮಳೆ ಸುರಿಯುವಾಗ ಬಿಸಿ ಅನ್ನಕ್ಕೆ ಇದಕ್ಕಿಂತ ಬೇರೆ ಬೇಕಾ? ಎಳೆ ಮಕ್ಕಳಿಗೆ ಎಲೆಯ ಘಾಟು ಜಾಸ್ತಿ, ಸ್ವಲ್ಪದಿಂದ ಶುರು ಮಾಡಿ.

ಒಂದೆಲಗ ಇದಕ್ಕೆ ಉಲ್ಟಾ. ನೀರು ಎಷ್ಟಿದ್ದರೂ ಬೇಕು, ಅರೆ ನೆರಳು ಬೇಕು. ನೇತಾಡುವ ಕುಂಡದಲ್ಲಿ ಹಾಕಿದರೆ ಬಳ್ಳಿ ಕೆಳಗಿಳಿದು ಚಂದ ಕಾಣುತ್ತದೆ. ಬೇರು ಸಮೇತ ಹಸಿಯಾಗಿ ರುಬ್ಬುತ್ತೇವಲ್ಲ, ಅದಕ್ಕೇ ಇದು ಎಲ್ಲಿ ಬೆಳೆದದ್ದು ಅನ್ನುವುದು ಮುಖ್ಯ. ಚರಂಡಿ ಪಕ್ಕದ್ದು, ಗದ್ದೆ ಬದುವಿನದ್ದು ಬೇಡ. ಶುದ್ಧ ಮಣ್ಣಿನ ಕುಂಡದ್ದು, ನಾಲ್ಕು ನೀರಿನಲ್ಲಿ ತೊಳೆದದ್ದು ಒಳ್ಳೆಯದು. ಅಲಂಕಾರಕ್ಕೆ ಮಾರುವ ಗುಂಡು ಎಲೆಯ ನೀರುಗಿಡ ಒಂದಿದೆ, ಅದರ ತೊಟ್ಟು ಎಲೆಯ ನಟ್ಟನಡುವೆ ಇರುತ್ತದೆ. ಒಂದೆಲಗದಲ್ಲಿ ಒಂದು ಕಡೆ ಸೀಳಿದ್ದು, ತೊಟ್ಟು ಅಲ್ಲಿಗೇ ಕೂಡುತ್ತದೆ.

ಚಕ್ರಮುನಿ, ಅಂದರೆ ವಿಟಮಿನ್ ಸೊಪ್ಪು, ಕಡ್ಡಿ ನೆಟ್ಟರೆ ಬೇಲಿಯಾಗುತ್ತದೆ. ಕತ್ತರಿಸಿದಷ್ಟೂ ಚಿಗುರುತ್ತದೆ. ಪಲ್ಯಕ್ಕೆ, ದೋಸೆಗೆ, ಸಾರಿಗೆ ಎಲ್ಲದಕ್ಕೂ ಆಗುತ್ತದೆ. ಆದರೆ ಬೇಯಿಸಿಯೇ ತಿನ್ನಿ, ಮಿತವಾಗಿ ತಿನ್ನಿ. 1990ರ ದಶಕದಲ್ಲಿ ತೈವಾನ್‌ನಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ದಿನವೂ ಕುಡಿದ ಬಹಳ ಜನರಿಗೆ ಶ್ವಾಸಕೋಶದ ಸಣ್ಣ ಕೊಳವೆಗಳು ಶಾಶ್ವತವಾಗಿ ಹಾಳಾದವು. ಕೆಲವರು ಜೀವ ಕಳೆದುಕೊಂಡರು. ಅದೇ ಗಿಡ, ಅದೇ ಎಲೆ. ವಾರಕ್ಕೊಮ್ಮೆ ಪಲ್ಯ ಮಾಡುವ ನಮ್ಮ ರೂಢಿಗೂ ದಿನವೂ ಲೋಟಗಟ್ಟಲೆ ಹಸಿ ರಸ ಕುಡಿಯುವುದಕ್ಕೂ ಇರುವ ಅಂತರ ಅಷ್ಟು. ಹಿತ್ತಿಲಿನ ಯಾವ ಸೊಪ್ಪನ್ನೂ ಜ್ಯೂಸ್ ಮಾಡಿ ಕುಡಿಯುವ ಹುಚ್ಚಿಗೆ ಬೀಳಬೇಡಿ ಅಂತ ನಾನು ಹೇಳುವುದು ಇದನ್ನು ನೋಡಿಯೇ.

ಲೋಳೆಸರದ ಬಗ್ಗೆ ಎರಡು ಮಾತು. ಒಳಗಿನ ಪಾರದರ್ಶಕ ತಿರುಳು ಬೇರೆ, ಸಿಪ್ಪೆಯ ಕೆಳಗಿನ ಹಳದಿ ರಸ ಬೇರೆ. ಹಳದಿ ರಸ ಜೋರು ಭೇದಿ ಮಾಡಿಸುತ್ತದೆ. ಬಸುರಿಯರಿಗೆ ಬೇಡ. ಮೈಗೆ, ಕೂದಲಿಗೆ ಹಚ್ಚಲು ಇಟ್ಟುಕೊಳ್ಳಿ ಸಾಕು. ಪಕ್ಕದಲ್ಲಿರುವ ಸ್ನೇಕ್ ಪ್ಲಾಂಟ್ ಲೋಳೆಸರ ಅಲ್ಲ, ತಿಂದರೆ ವಾಂತಿಯಾಗುತ್ತದೆ.

ಬಿಸಿಲು ಅಂಗಳ ಮತ್ತು ಬೇಲಿ: ಹೂವಿನ ಗಿಡಗಳು

ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕಣಗಿಲೆ ಬೇಡ. ಬಿಳಿ, ಕೆಂಪು, ಗುಲಾಬಿ ಕಣಗಿಲೆ, ಹಳದಿ ಗಂಟೆ ಹೂವಿನ ಕಣಗಿಲೆ, ಎಲ್ಲದರ ಎಲೆ, ಹೂ, ಕಾಯಿ, ತೊಗಟೆ ಹೃದಯಕ್ಕೆ ವಿಷ. 2024ರ ಮೇನಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಕ್ಕೆ ಈ ಹೂ ಬಳಸುವುದನ್ನೇ ನಿಲ್ಲಿಸಿತು. ನಮ್ಮಲ್ಲೂ ದೇವರಿಗೆ ಏರಿಸಿದ ಹೂ ತೀರ್ಥದ ಬಟ್ಟಲಿಗೆ ಬೀಳುವುದು ಅಪರೂಪವಲ್ಲ. ಬೇಲಿ ಸವರಿದ ಕಣಗಿಲೆ ಸೊಪ್ಪನ್ನು ಹುಲ್ಲಿನ ಜೊತೆ ದನಕ್ಕೆ ಹಾಕಿದರೆ ಸ್ವಲ್ಪವೇ ಸಾಕು, ದನ ಉಳಿಯುವುದಿಲ್ಲ. ಒಣಗಿದ ಎಲೆಯಲ್ಲೂ ವಿಷ ಹಾಗೇ ಇರುತ್ತದೆ. ಕುಂಡದಲ್ಲಿ ಬರುವ ಅಡೇನಿಯಂ ಕೂಡ ಇದರ ಕುಟುಂಬವೇ. ಅದನ್ನು ಇಟ್ಟುಕೊಳ್ಳುವವರು ಎತ್ತರದಲ್ಲಿಡಿ.

ನಿತ್ಯಪುಷ್ಪವೂ ಅದೇ ಕುಟುಂಬ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಬೆಳಗ್ಗೆ ಅದರ ಎಲೆ, ಹೂ ಅಗಿಯುವವರಿದ್ದಾರೆ. ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಔಷಧಗಳನ್ನು ಈ ಗಿಡದಿಂದಲೇ ತೆಗೆಯುತ್ತಾರೆ. ಅಷ್ಟು ಬಲವಾದ ಗಿಡವನ್ನು ಲೆಕ್ಕವಿಲ್ಲದೆ ಅಗಿಯುವುದು ಸರಿಯಲ್ಲ. ತಲೆಕೆಳಗಾಗಿ ನೇತಾಡುವ ದೊಡ್ಡ ಗಂಟೆ ಹೂವಿನ ಗಿಡ ದತ್ತೂರದ ನೆಂಟ, ತಿಂದರೆ ಬುದ್ಧಿ ಭ್ರಮಣೆ, ಒಣ ಬಾಯಿ, ಎದೆಬಡಿತ. ಗೌರಿ ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಬೆಂಕಿ ಹೊತ್ತಿದಂತೆ ಅರಳುವ ಅಗ್ನಿಶಿಖೆಯನ್ನು ಕಾಡಿನಲ್ಲಿ ನೋಡಿ ಸಂತೋಷ ಪಡಿ. ಅದರ ಗೆಡ್ಡೆ ತಿನ್ನುವ ಗೆಡ್ಡೆಯ ಹಾಗೇ ಕಾಣುತ್ತದೆ, ತಿಂದವರು ಬದುಕುವುದು ಕಷ್ಟ. ಹೊಸ ಬಡಾವಣೆಗಳ ಬೇಲಿಗೆ ಹಾಕುವ ಡ್ಯುರಾಂಟಾದ ಹಳದಿ ಕಾಯಿ ಗೊಂಚಲು ಮಕ್ಕಳ ಕಣ್ಣಿಗೆ ಹಣ್ಣೇ. ಅದೂ ವಿಷ.

ಇದಕ್ಕೆಲ್ಲ ಬದಲಿ ದಾಸವಾಳ. ಮಳೆ ತಡೆಯುತ್ತದೆ, ಕತ್ತರಿಸಿದರೆ ಬೇಲಿಯಾಗುತ್ತದೆ, ಕಡ್ಡಿಯಿಂದ ಬರುತ್ತದೆ. ಹೂವಿನ ತಂಬುಳಿ, ಎಲೆ ರುಬ್ಬಿ ಹಾಕಿದ ದೋಸೆ, ಎಲ್ಲ ನಮ್ಮ ಕಡೆಯ ರೂಢಿಯವೇ. ದನ ತಿಂದರೂ ತೊಂದರೆಯಿಲ್ಲ. ಕೆಂಪು ಕೇಪಳವೂ ಒಳ್ಳೆಯ ಆಯ್ಕೆ, ಅದರ ಹೂವಿನ ತಂಬುಳಿಯೂ ರುಚಿ. ಶಂಖಪುಷ್ಪದ ನೀಲಿ ಹೂ ಬಿಸಿ ನೀರಿಗೆ ಹಾಕಿ, ಲಿಂಬೆ ಹಿಂಡಿದರೆ ನೇರಳೆಯಾಗುವುದನ್ನು ನೋಡಲು ಮಕ್ಕಳಿಗೆ ಬಲು ಖುಷಿ. ಹೂ ಮಾತ್ರ, ಬೀಜ ಮತ್ತು ಬೇರು ಭೇದಿ ಮಾಡಿಸುತ್ತವೆ.

ಮಲೆನಾಡಿನ ಮಳೆಗಾಲದ ರಾಣಿ ಡೇರೆ ಹೂವನ್ನು, ಅಂದರೆ ಡೇಲಿಯಾವನ್ನು, ಹೇಳದೆ ಬಿಡುವುದುಂಟೇ? ಅದರ ಗೆಡ್ಡೆಯನ್ನು ಅದರ ತವರು ಮೆಕ್ಸಿಕೋದಲ್ಲಿ ಹಿಂದೆ ತಿನ್ನುತ್ತಿದ್ದರು. ಆದರೆ ನಮ್ಮಲ್ಲಿ ಆ ರೂಢಿ ಇಲ್ಲ, ಗೆಡ್ಡೆ ಕೊಳೆಯದಿರಲೆಂದು ಮದ್ದು ಹಚ್ಚಿಡುವವರೂ ಇದ್ದಾರೆ. ಅದನ್ನು ಹೂವಿಗಾಗಿಯೇ ಬೆಳೆಸೋಣ.

ನಿಮ್ಮ ಮನೆಗೆ ಯಾವುದು

ಮಗು ಇರುವ ಬಾಡಿಗೆ ಮನೆಗೆ: ಒಳಗೆ ಸ್ಪೈಡರ್ ಪ್ಲಾಂಟ್ ಅಥವಾ ಕಲಾಥಿಯಾ, ಬಾಲ್ಕನಿಯಲ್ಲಿ ದೊಡ್ಡಪತ್ರೆ, ಒಂದೆಲಗ, ಅರಿಶಿನ, ಗ್ರಿಲ್‌ಗೆ ವೀಳ್ಯದೆಲೆ. ಒಳಗಿನ ಒಂದೆರಡು ಗಿಡಕ್ಕೆ ಬಿಟ್ಟರೆ ದುಡ್ಡು ಬೇಡ. ಇದ್ದ ಡೀಫನ್‌ಬಾಕಿಯಾವನ್ನು ಮಗು ದೊಡ್ಡದಾಗುವವರೆಗೆ ಮಕ್ಕಳಿಲ್ಲದ ಸ್ನೇಹಿತರಿಗೆ ಕೊಡಿ.

ಹಿತ್ತಿಲು, ಕೊಟ್ಟಿಗೆ ಇರುವ ಮನೆಗೆ: ಬೇಲಿಗೆ ದಾಸವಾಳ, ಚಕ್ರಮುನಿ, ಚಪ್ಪರಕ್ಕೆ ಬಸಳೆ. ಕಣಗಿಲೆ ಇದ್ದರೆ ಬುಡಸಮೇತ ತೆಗೆಸಿ, ಕಡಿದದ್ದನ್ನು ಸುಡದೆ ಹುಗಿಯಿರಿ. ಅದರ ಹೊಗೆಯೂ ಒಳ್ಳೆಯದಲ್ಲ. ಬಣ್ಣದ ಎಲೆಗಳ ಮೇಲೆ ಪ್ರೀತಿ ಇದ್ದರೆ ಕ್ರೋಟನ್, ಆಂಥೂರಿಯಂ ಇರಲಿ, ದನದ ಬಾಯಿಗೆ ಸಿಗದ ಜಗಲಿಯ ಮೇಲೆ. ಕ್ರೋಟನ್ ಮುರಿದಾಗ ಒಸರುವ ರಸ ಚರ್ಮಕ್ಕೂ ತುರಿಕೆ ತರಬಹುದು.

ದೊಡ್ಡವರಷ್ಟೇ ಇರುವ, ಬೆಳಕು ಕಡಿಮೆ ಇರುವ ಮನೆಗೆ: ಮನಿಪ್ಲಾಂಟ್, ಜೀಜೀ, ಪೀಸ್ ಲಿಲಿ ಧಾರಾಳವಾಗಿ ಇಟ್ಟುಕೊಳ್ಳಿ. ಕತ್ತಲ ಮೂಲೆಗೆ ಇವುಗಳಷ್ಟು ಒಗ್ಗುವ ತಿನ್ನುವ ಗಿಡ ಇಲ್ಲ. ಇವನ್ನು ಅಡುಗೆ ಮನೆಯಿಂದ ದೂರ ಇಡಿ, ಅಷ್ಟೇ. ಮೊಮ್ಮಕ್ಕಳು ರಜೆಗೆ ಬರುವಾಗ ಮೇಲಕ್ಕೆತ್ತಿಡಿ.

ನರ್ಸರಿಯಿಂದ ತಂದ ದಾಸವಾಳ, ಗುಲಾಬಿಯನ್ನು ತಿನ್ನುವ ಆಸೆ ಇದ್ದರೆ ಎರಡು ಮೂರು ತಿಂಗಳು ಕಾಯಿರಿ. ಮಣ್ಣು ಬದಲಿಸಿ, ಹಳೆ ಎಲೆ ಹೂವನ್ನು ಬಿಟ್ಟು ನಿಮ್ಮ ಮನೆಯಲ್ಲಿ ಚಿಗುರಿದ್ದನ್ನು ಮಾತ್ರ ಬಳಸಿ. ಕುಂಡದ ಮೇಲೆ ಬಣ್ಣದ ಸಣ್ಣ ಗುಂಡುಗಳು ಕಂಡರೆ ಅವು ಹೆಚ್ಚಾಗಿ ಗೊಬ್ಬರ, ಮಗುವಿನ ಕೈಗೆ ಸಿಗದ ಹಾಗೆ ಆರಿಸಿ ತೆಗೆಯಿರಿ.

ಏನೇ ಎಚ್ಚರ ಮಾಡಿದರೂ ಮಕ್ಕಳು ಮಕ್ಕಳೇ. ಮನಿಪ್ಲಾಂಟ್, ಡೀಫನ್‌ಬಾಕಿಯಾ ಬಗೆಯ ಎಲೆ ಕಚ್ಚಿದರೆ ಬಾಯೊಳಗಿನ ಚೂರು ಒದ್ದೆ ಬಟ್ಟೆಯಿಂದ ಒರೆಸಿ, ಬಾಯಿ ತೊಳೆಸಿ, ತಣ್ಣಗಿನ ಹಾಲು ಅಥವಾ ನೀರು ಸ್ವಲ್ಪ ಸ್ವಲ್ಪ ಕುಡಿಸಿ. ರಸ ಕಣ್ಣಿಗೆ ಬಿದ್ದರೆ ಕಾಲು ಗಂಟೆ ಶುದ್ಧ ನೀರು ಹಾಯಿಸಿ. ಊತ ಏರುತ್ತಿದ್ದರೆ, ನುಂಗಲು ಉಸಿರಾಡಲು ಕಷ್ಟವಾದರೆ ತಡ ಮಾಡಬೇಡಿ. ಕಣಗಿಲೆ, ದತ್ತೂರ, ಅಗ್ನಿಶಿಖೆ, ಗುಲಗಂಜಿ, ಹರಳು ಬೀಜ ಆದರೆ ಲಕ್ಷಣ ಕಾಣುವವರೆಗೆ ಕಾಯಲೇಬೇಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಶಿವಮೊಗ್ಗದ ಸುತ್ತಮುತ್ತ ಇದ್ದರೆ ಮೆಗ್ಗಾನ್ ಆಸ್ಪತ್ರೆಗೆ, ದೂರ ಇದ್ದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ತಿಂದ ಗಿಡದ ಎಲೆ, ಹೂ, ಕಾಯಿ ಇರುವ ಒಂದು ರೆಂಬೆಯನ್ನು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಎಷ್ಟು ಹೊತ್ತಿಗೆ, ಎಷ್ಟು ತಿಂದದ್ದು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದೇ ಅದನ್ನು.